ಕೊಳಗವೂ ಪಾಲೂ

ನನ್ನ ತಾಯಿಯ ತವರು ಕಡೂರು ಸೀಮೆಯ ಸಿಂಗಟಗೆರೆ. ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ರಜೆಯಲ್ಲಿ ಅಲ್ಲಿಗೆ ಹೋಗಿದ್ದೆನು. ವಿಧವೆಯಾದ ನಮ್ಮಜ್ಜಿಯವರು ತಮ್ಮ ರಾಗಿಹೊಲವನ್ನು ವಾರಕ್ಕೆ ಕೊಟ್ಟಿದ್ದರು. ಬೆಳೆಯಲ್ಲಿ ಒಡತಿಗೆ ಅರ್ಧ, ರೈತರಿಗೆ ಅರ್ಧ. ಕಣದಲ್ಲಿ ರಾಶಿಯನ್ನು ಅಳೆಯುತ್ತಿರುವಾಗ, ರೈತರ ಕೊಳಗವು ನಮ್ಮ ಮನೆಯ ಕೊಳಗಕ್ಕಿಂತ ದೊಡ್ಡದೆಂಬುದು ನನ್ನ ಕಣ್ಣಿಗೆ ಬಿದ್ದಿತು. ನಾಲ್ಕಕ್ಷರ ಕಲಿತ ಗರ್ವದಿಂದ, “ಮಾವ, ಈ ಕೊಳಗದಲ್ಲಿ ಅಳೆದರೆ ನಮಗೆ ಮೋಸವಾಗುತ್ತದೆ” ಎಂದುಬಿಟ್ಟೆನು. ಆ ವೃದ್ಧರ ಕೈ ಅಲ್ಲಿಯೇ ನಿಂತಿತು.

ಅಜ್ಜಿಯವರು, “ಅವರಿಗೂ ಅದೇ ಕೊಳಗ, ನಮಗೂ ಅದೇ ಕೊಳಗ. ಪಾಲಿಗೆ ಕೊಳಗ ದೊಡ್ಡದಾದರೇನು, ಸಣ್ಣದಾದರೇನು? ಬೀಜದ ಸಾಲ ತೀರಿಸುವಾಗ ಮಾತ್ರ ಕೊಟ್ಟ ಕೊಳಗದಲ್ಲಿಯೇ ಅಳೆಯಬೇಕು” ಎಂದರು. ನನಗೆ ಅರ್ಥವಾಗಲಿಲ್ಲ.

ಶಾಲೆಗೆ ಮರಳಿದ ಮೇಲೆ ಭೌತಶಾಸ್ತ್ರದ ಪಾಠದಲ್ಲಿ ಅರ್ಥವಾಯಿತು. ಉದ್ದವನ್ನು ಮೊಳದಿಂದ ಅಳೆದರೂ ಮೀಟರಿನಿಂದ ಅಳೆದರೂ ಅದು ಉದ್ದವೇ. ಏಕಮಾನ ಬದಲಾದರೆ ಅಂಕೆ ಬದಲಾಗುವುದು, ಆಯಾಮ ಬದಲಾಗದು. ಉದ್ದಕ್ಕೆ ಕಾಲವನ್ನು ಕೂಡಿಸಲಾಗದು. ಕಾಲದಿಂದ ಭಾಗಿಸಿದರೆ ವೇಗವೆಂಬ ಬೇರೊಂದು ಪರಿಮಾಣ ದೊರೆಯುವುದು. ಆದರೆ ಉದ್ದವನ್ನು ಉದ್ದದಿಂದಲೇ ಭಾಗಿಸಿದರೆ ಉಳಿಯುವುದು ಬರಿಯ ಸಂಖ್ಯೆ. ಗಾಡಿಯ ಚಕ್ರದ ಸುತ್ತಳತೆಯನ್ನು ಅದರ ಅಡ್ಡಳತೆಯಿಂದ ಭಾಗಿಸಿರಿ: ಮೊಳದಲ್ಲಿ ಅಳೆದರೂ ಅಂಗುಲದಲ್ಲಿ ಅಳೆದರೂ ಬರುವುದು ಸುಮಾರು 3.14.

ಅಜ್ಜಿಯವರ ಅರ್ಧಪಾಲೂ ಅಂಥದೇ. ಬೀಜದ ಸಾಲವಾದರೋ ಅಳತೆಗೆ ಕಟ್ಟುಬಿದ್ದ ಪರಿಮಾಣ. ಕೊಳಗ ಬದಲಾದರೆ ಅಲ್ಲಿ ನ್ಯಾಯವೇ ಕೆಡುವುದು. 1956ರಲ್ಲಿ ದೇಶಕ್ಕೆಲ್ಲ ಒಂದೇ ಮಾನವನ್ನು ಕಾಯಿದೆಯಿಂದ ಗೊತ್ತುಪಡಿಸಿದ್ದರ ಪ್ರಯೋಜನವು ಇಂಥಲ್ಲಿ ತಿಳಿಯುತ್ತದೆ.

ಆಯಾಮವಿಲ್ಲದ್ದಕ್ಕೆ ಅರ್ಥವೂ ಇಲ್ಲವೆಂದು ಭಾವಿಸಬಾರದು. ಕೋನವನ್ನಳೆಯುವ ರೇಡಿಯನ್ ಎಂಬುದು ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿ ಪಡೆದುದು. 1960ರ ಅಂತರರಾಷ್ಟ್ರೀಯ ಮಾನಪದ್ಧತಿಯು ಅದನ್ನು ಪೂರಕ ಏಕಮಾನವೆಂದು ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿತ್ತು. 1995ರಲ್ಲಿ ಆಯಾಮರಹಿತ ಸಾಧಿತ ಏಕಮಾನಗಳೊಡನೆ ಸೇರಿಸಿದರು. ಆದರೂ ಅದರ ಹೆಸರನ್ನು ಅಳಿಸಲಿಲ್ಲ. ಪೂರ್ಣವಾದ ಒಂದು ಸುತ್ತು 360 ಡಿಗ್ರಿಯೂ ಹೌದು, ಸುಮಾರು 6.28 ರೇಡಿಯನ್ನೂ ಹೌದು. ಹೆಸರಿಲ್ಲದ ಅಂಕೆಯು ಕೋನವೋ, ಪಾಲೋ, ಎಣಿಕೆಯೋ ತಿಳಿಯದು.

ಮುಂದಿನ ರಜೆಯಲ್ಲಿ ಆ ವೃದ್ಧರ ಮನೆಗೆ ಹೋಗಿ ಕ್ಷಮೆ ಬೇಡಿದೆನು. ಅವರು ನಕ್ಕು, “ಮಗು, ಓದು ನಿನ್ನನ್ನು ಕಣಕ್ಕೆ ಮರಳಿ ಕರೆತಂದಿತಲ್ಲ, ಸಾಕು” ಎಂದರು.

ಪ್ರಿಯ ಸಹೋದರಿಯರೇ, ಅಂಕೆಯನ್ನು ಕಂಡೊಡನೆ ತೀರ್ಪು ಕೊಡಬೇಡಿರಿ. ಅದು ಯಾವುದರ ಅಂಕೆ, ಯಾವುದರೊಡನೆ ಹೋಲಿಸಿದುದು ಎಂದು ಮೊದಲು ಕೇಳಿರಿ.