ಅವ ಫೋನ್ ಯಾಕ ಹಚ್ಚಲಿಲ್ಲ?

ಥ್ರಿಲ್ಲರ್ ಸಿನಿಮಾ ನನಗೆ ಎರಡು ಸಲ ಸುಖ ಕೊಡುತ್ತದೆ. ಟಾಕೀಸಿನ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಾಗ ಒಂದು ಸಲ. ಆಟ ಮುಗಿದು ಹೊರಗೆ ಬಂದಮೇಲೆ, ಜೊತೆಗಿದ್ದವರಲ್ಲಿ ಯಾರಾದರೊಬ್ಬರು "ಅಲ್ಲೋ ತಮ್ಮಾ, ಅವ ಪೊಲೀಸರಿಗೆ ಒಂದು ಫೋನ್ ಯಾಕ ಹಚ್ಚಲಿಲ್ಲ?" ಎಂದು ಕೇಳಿದಾಗ ಇನ್ನೊಂದು ಸಲ. ಈ ಎರಡನೆಯ ಸುಖ ಹೆಚ್ಚು ದಿನ ಬಾಳುತ್ತದೆ. ಹಾಡು ಮರೆತಿದ್ದೇನೆ, ನಾಯಕಿಯ ಹೆಸರು ಮರೆತಿದ್ದೇನೆ, ಆದರೆ ಕಥೆಯಲ್ಲಿ ಎಲ್ಲಿ ತೂತಿತ್ತು, ಅದನ್ನು ಯಾರು ಹಿಡಿದರು ಎಂಬುದು ಮಾತ್ರ ನೆನಪಿದೆ.

ಘೋಣಸಗಿ ಹಳ್ಳಿಯ ನಾವು ದೊಡ್ಡ ಪರದೆಯ ಮೇಲೆ ಸಿನಿಮಾ ನೋಡಬೇಕೆಂದರೆ ವಿಜಯಪುರಕ್ಕೆ ಹೋಗಬೇಕು. ತಿರುಗಿ ಬರುವಾಗ ತೊರವಿ, ತಿಕೋಟಾ ದಾಟಿ ಊರ ಹಾದಿ. ಈ ಹಾದಿಯೇ ನಮಗೆ ಅಳತೆಗೋಲಾಗಿದೆ. ಟಾಕೀಸಿನೊಳಗೇ ಸಂದೇಹ ಬಂತೆಂದರೆ ಆ ಸಿನಿಮಾ ಸೋತಂತೆ. ತೊರವಿ ಹತ್ತಿರ ಬಂದರೆ ಬರೆದವರು ಇನ್ನೊಂದಿಷ್ಟು ಮೈಮುರಿದು ದುಡಿಯಬೇಕಿತ್ತು ಅನ್ನುತ್ತೇವೆ. ತಿಕೋಟಾ ದಾಟಿದ ಮೇಲೆ ಬಂದದ್ದು ಮಾಫಿ. ಊರು ಮುಟ್ಟಿ, ಕೈಕಾಲು ತೊಳೆದು, ರೊಟ್ಟಿ ಮುರಿಯುವ ಹೊತ್ತಿಗೆ "ಹೌದಲ್ಲ!" ಅನ್ನಿಸಿದರೆ ನಿರ್ದೇಶಕ ಗೆದ್ದ. ಆಲ್ಫ್ರೆಡ್ ಹಿಚ್‌ಕಾಕ್ ಕೂಡ ಇಂಥದೇ ಒಂದು ಲೆಕ್ಕ ಇಟ್ಟಿದ್ದ. 1958ರ ತನ್ನ 'ವರ್ಟಿಗೋ' ಕುರಿತು ಮಾತಾಡುತ್ತ, ಪ್ರೇಕ್ಷಕ ಮನೆಗೆ ಹೋಗಿ ತಣ್ಣಗಿನ ಊಟಕ್ಕೆಂದು ಫ್ರಿಜ್ಜಿನ ಬಾಗಿಲು ತೆಗೆಯುವಾಗ ಹೊಳೆಯುವ ಪ್ರಶ್ನೆ ತನಗೆ ಒಪ್ಪಿಗೆ ಎಂಬರ್ಥದ ಮಾತು ಹೇಳಿದ್ದ. ಎಲ್ಲದಕ್ಕೂ ಸಾಧ್ಯಾಸಾಧ್ಯತೆ ಕೇಳುವವರ ಮೇಲೆ ಅವನಿಗೆ ಸಿಟ್ಟಿತ್ತು. ನನಗೆ ಹಿಚ್‌ಕಾಕ್ ಎಂದರೆ ಬಹಳ ಗೌರವ, ಆದರೆ ಈ ಒಂದು ವಿಷಯದಲ್ಲಿ ನಾನು ಕೇಳುವವರ ಕಡೆ. ಕೇಳುವವನು ಕಥೆಯನ್ನು ನಂಬಲು ಬಂದವನು. ನಂಬಿಕೆ ಜಾರಿದಾಗ ಅವನಿಗೆ ನೋವಾಗುತ್ತದೆ, ಅದಕ್ಕೇ ಕೇಳುತ್ತಾನೆ.

ತೂತು ಹಿಡಿಯುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕಣ್ಣು. ಲಾರಿ ಓಡಿಸುವವರು ಗಾಡಿ ಬೆನ್ನಟ್ಟುವ ದೃಶ್ಯವನ್ನು ಸುಮ್ಮನೆ ಬಿಡುವುದಿಲ್ಲ. ದವಾಖಾನೆಯಲ್ಲಿ ಕೆಲಸ ಮಾಡಿದವರು, ಗುಂಡು ತಿಂದವನು ಮರುದಿನ ಎದ್ದು ಹೊಡೆದಾಡಿದರೆ ನಗುತ್ತಾರೆ. ನಮ್ಮ ಕಡೆಯ ದ್ರಾಕ್ಷಿ ಬೆಳೆಗಾರರ ಕಣ್ಣು ಎಲ್ಲರಿಗಿಂತ ಹರಿತ. ಅಕ್ಟೋಬರದಲ್ಲಿ ಚಾಟ್ನಿ ಮಾಡಿದ, ಅಂದರೆ ಟೊಂಗೆ ಕತ್ತರಿಸಿದ, ಬಳ್ಳಿ ಹಣ್ಣು ಕೊಡುವುದು ಫೆಬ್ರವರಿ, ಮಾರ್ಚಿಗೆ. ಆಮೇಲೆ ಗೊನೆ ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಮಣೂಕ (ಒಣದ್ರಾಕ್ಷಿ) ಮಾಡುವ ಕಾಲ. ಯಾವನೋ ನಿರ್ದೇಶಕ ದೀಪಾವಳಿ ರಾತ್ರಿಯ ಕೊಲೆಯನ್ನು ಹಣ್ಣು ತುಂಬಿ ತೂಗುವ ದ್ರಾಕ್ಷಿ ಪಡದಲ್ಲಿ ಚಿತ್ರಿಸಿದನೆನ್ನಿ, ಇಲ್ಲಿ ಕೂತವರಿಗೆ ಕೊಲೆಗಾರ ಯಾರೆಂಬ ಕುತೂಹಲವೇ ಹೊರಟುಹೋಗುತ್ತದೆ. ಉಳಿದ ಊರುಗಳಲ್ಲಿ ಅದೇ ದೃಶ್ಯಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ಆದರೂ ಇಂಥ ತಪ್ಪನ್ನು ನಾನು ದೊಡ್ಡದೆಂದು ಹಿಡಿಯುವುದಿಲ್ಲ. ನೋಡುತ್ತ ನೋಡುತ್ತ ನನಗೆ ಗಟ್ಟಿಯಾದ ಮಾತು ಇದು: ಆಗಲಾರದ ಘಟನೆಯನ್ನು ಪ್ರೇಕ್ಷಕ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ, ಆ ಮನುಷ್ಯ ಮಾಡಲಾರದ ಕೆಲಸವನ್ನು ಹಾಕಿಕೊಳ್ಳುವುದಿಲ್ಲ. ದೆವ್ವ ಬಂತೆಂದರೆ ಬರಲಿ. ಎರಡು ತಾಸು ಜಾಣನಾಗಿದ್ದ ಇನ್‌ಸ್ಪೆಕ್ಟರು ಕೊನೆಯ ಹತ್ತು ನಿಮಿಷಕ್ಕೆ ಒಬ್ಬನೇ, ಕೈಯಲ್ಲಿ ಪಿಸ್ತೂಲಿಲ್ಲದೆ, ಪಾಳುಮನೆಗೆ ಹೋದರೆ ಮಾತ್ರ ಸಹಿಸಲಾಗುವುದಿಲ್ಲ.

ಈ ಕಷ್ಟ ಹೊಸದಲ್ಲ. 'ತೊರವೆ ರಾಮಾಯಣ' ಬರೆದ ಕುಮಾರ ವಾಲ್ಮೀಕಿಯ ಊರು ತೊರವಿ ನಮ್ಮ ಹಾದಿಯಲ್ಲೇ ಇದೆ. ಆ ಊರು ದಾಟುವಾಗಲೆಲ್ಲ ನನಗೆ ಬಂಗಾರದ ಜಿಂಕೆ ನೆನಪಾಗುತ್ತದೆ. ಬಂಗಾರದ ಜಿಂಕೆ ಇರುತ್ತದೆಯೇ? ರಾಮನಂಥವನು ಅದರ ಬೆನ್ನು ಹತ್ತಬಹುದೇ? ಕೇಳುಗನ ಬಾಯಿಗೆ ಈ ಪ್ರಶ್ನೆ ಬರುವ ಮೊದಲೇ ಆದಿಕವಿ ವಾಲ್ಮೀಕಿ ಅದನ್ನು ಲಕ್ಷ್ಮಣನ ಬಾಯಲ್ಲಿ ಇಟ್ಟ. ಇದು ಮಾರೀಚನ ಮಾಯೆ ಎಂದು ಲಕ್ಷ್ಮಣ ಎದುರಿಗೇ ಹೇಳುತ್ತಾನೆ. ಸೀತೆಗೆ ಅದು ಬೇಕೇ ಬೇಕು. ರಾಮ ಹೊರಡುತ್ತಾನೆ. ಅಲ್ಲಿಗೆ ತೂತು ಮುಚ್ಚಿತು. ಮುಚ್ಚಿದ್ದಷ್ಟೇ ಅಲ್ಲ, ಹೆಂಡತಿಯ ಮೇಲಿನ ರಾಮನ ಪ್ರೀತಿ ಎಷ್ಟೆಂಬುದೂ ಗೊತ್ತಾಯಿತು. ಸಂದೇಹವನ್ನು ಬಚ್ಚಿಡದೆ ಪಾತ್ರವೊಂದರ ಬಾಯಲ್ಲಿ ಆಡಿಸಿಬಿಡುವ ಈ ಉಪಾಯವನ್ನು ಇವತ್ತಿನ ಚಿತ್ರಕಥೆಗಾರರು ಇನ್ನೂ ಹೆಚ್ಚು ಬಳಸಬೇಕೆಂದು ನನ್ನ ಆಸೆ.

ಇನ್ನೊಂದು ಉಪಾಯವನ್ನು ಗೋಲ ಗುಮ್ಮಟ ಕಲಿಸುತ್ತದೆ. ಮೇಲಿನ ಗ್ಯಾಲರಿಯಲ್ಲಿ ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಗೊಟ್ಟವನಿಗೆ ಸ್ಪಷ್ಟ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಸಲಕ್ಕೂ ಹೆಚ್ಚು ಮರುದನಿ. ಈಗ ಒಂದು ಥ್ರಿಲ್ಲರಿನಲ್ಲಿ ಇಬ್ಬರು ಕೊಲೆಯ ಸಂಚನ್ನು ಅಲ್ಲಿ ಪಿಸುಗುಟ್ಟುತ್ತಾರೆ, ಅಷ್ಟು ದೂರ ಕೂತ ಹುಡುಗಿಗೆ ಅದು ಕೇಳಿಸುತ್ತದೆ ಎನ್ನೋಣ. ವಿಜಯಪುರದವರು ತಲೆದೂಗುತ್ತಾರೆ, ಹೊರಗಿನವರು "ಲಾಜಿಕ್ ಇಲ್ಲ" ಅನ್ನುತ್ತಾರೆ. ನಿಜವೇ ಆಗಿದ್ದರೂ ನಂಬಿಕೆ ತಾನಾಗಿ ಬರುವುದಿಲ್ಲ. ಅದೇ ಸಿನಿಮಾದ ಮೊದಲ ಅರ್ಧದಲ್ಲಿ, ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಗ್ಯಾಲರಿಯಲ್ಲಿ ಕೂಗಾಡುವ ಅರ್ಧ ನಿಮಿಷದ ದೃಶ್ಯ ಇಟ್ಟುಬಿಟ್ಟರೆ ಸಾಕು. ಯಾವ ಊರಿನವನೂ ಆಮೇಲೆ ಬಾಯಿ ತೆರೆಯುವುದಿಲ್ಲ. ಬೇಕಾದದ್ದನ್ನು ಬೇಕಾಗುವ ಮೊದಲೇ, ಯಾರಿಗೂ ಅನುಮಾನ ಬರದಂತೆ ತೋರಿಸಿಡುವುದೇ ಈ ಕಸುಬಿನ ಅರ್ಧ ವಿದ್ಯೆ.

ಈ ವಿದ್ಯೆ ಕನ್ನಡದಲ್ಲಿ ಚೆನ್ನಾಗಿ ಬಲ್ಲವರು ಸುನೀಲ್ ಕುಮಾರ್ ದೇಸಾಯಿ. 1989ರಲ್ಲಿ ಶಂಕರ್ ನಾಗ್, ದೇವರಾಜ್, ವನಿತಾ ವಾಸು ಅವರನ್ನು ಇಟ್ಟುಕೊಂಡು 'ತರ್ಕ' ಮಾಡಿದರು. ಹಾಡಿಲ್ಲದ ಸಿನಿಮಾ. ಆ ಕಾಲದಲ್ಲಿ ಅದೆಂಥ ಧೈರ್ಯ! ಮರುವರ್ಷವೇ ಅದು ತಮಿಳಿಗೆ ಹೋಯಿತು. 1993ರ 'ನಿಷ್ಕರ್ಷ'ದಲ್ಲಿ ಎತ್ತರದ ಕಟ್ಟಡವೊಂದರ ಬ್ಯಾಂಕಿಗೆ ದರೋಡೆಕೋರರು ನುಗ್ಗುತ್ತಾರೆ, ಅವರನ್ನು ವಿಷ್ಣುವರ್ಧನ್ ಎದುರಿಸುತ್ತಾರೆ. ಅದರಲ್ಲೂ ಹಾಡಿಲ್ಲ. ಹಾಡು ಬಿಟ್ಟದ್ದು ಬರೀ ಹಟವಲ್ಲ. ಹಾಡು ಬಂದ ಕೂಡಲೇ ಕಥೆಯ ಗಡಿಯಾರ ನಿಲ್ಲುತ್ತದೆ, ನಿಂತ ಗಡಿಯಾರದಲ್ಲಿ ಸಂದೇಹ ಹುಟ್ಟುತ್ತದೆ. ಒತ್ತೆಯಾಳುಗಳು ಒಳಗಿರುವಾಗ ನಾಯಕ ಐದು ನಿಮಿಷ ಕುಣಿದು ಬಂದರೆ, ಒಳಗಿದ್ದವರಿಗೆ ಅಪಾಯವಿದೆ ಎಂದು ಯಾರು ನಂಬುತ್ತಾರೆ?

ನಂಬಿಕೆಯನ್ನೇ ಕಥೆಯ ವಸ್ತು ಮಾಡಿದ್ದು 'ದೃಶ್ಯ'. ಜೀತು ಜೋಸೆಫರ 2013ರ ಮಲಯಾಳಂ ಚಿತ್ರವನ್ನು ಪಿ. ವಾಸು 2014ರಲ್ಲಿ ರವಿಚಂದ್ರನ್ ಅವರನ್ನು ನಾಯಕನಾಗಿಟ್ಟುಕೊಂಡು ಕನ್ನಡಕ್ಕೆ ತಂದರು. ನಾಯಕ ಕೇಬಲ್ ಟಿವಿ ನಡೆಸುವವನು. ಹೆಚ್ಚು ಓದಿಲ್ಲ, ಆದರೆ ರಾತ್ರಿಯಿಡೀ ಸಿನಿಮಾ ನೋಡುತ್ತಾನೆ. ಅಷ್ಟು ಸಾಮಾನ್ಯ ಮನುಷ್ಯ ಇಡೀ ಪೊಲೀಸ್ ಇಲಾಖೆಯನ್ನು ದಾರಿ ತಪ್ಪಿಸುವುದು ಹೇಗೆಂದು ಕೇಳಿದರೆ ಉತ್ತರ ಮೊದಲ ದೃಶ್ಯಗಳಲ್ಲೇ ಇದೆ: ಅವನು ನಮ್ಮಂತೆಯೇ ಸಿನಿಮಾಗಳ ತೂತು ಎಣಿಸಿ ಎಣಿಸಿ ಪಳಗಿದವನು. ಹೋಟೆಲಿನವ, ಬಸ್ಸಿನ ಕಂಡಕ್ಟರ್ ಇಷ್ಟು ದಿನ ಕಳೆದ ಮೇಲೂ ಅವನನ್ನು ಕಂಡ ತಾರೀಖನ್ನು ಹೇಗೆ ನೆನಪಿಟ್ಟರು ಎಂಬ ಪ್ರಶ್ನೆ ನನಗೂ ಬಂದಿತ್ತು. ಸಿನಿಮಾ ಅದಕ್ಕೆ ಉತ್ತರ ಕೊಡುತ್ತದೆ, ಮತ್ತು ಆ ಉತ್ತರವೇ ಅದರ ಅತ್ಯಂತ ಸೊಗಸಾದ ಭಾಗ. ಅವರು ತಾವಾಗಿ ನೆನಪಿಟ್ಟಿರಲಿಲ್ಲ. ನೆನಪನ್ನು ಒಬ್ಬ ಬಿತ್ತಿದ್ದ. ಮನುಷ್ಯನ ನೆನಪು ಹಾಗೆ ಬಿತ್ತಿಸಿಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಅದಕ್ಕೇ ಅಲ್ಲಿ ಯಾರೂ ತಕರಾರು ಎತ್ತುವುದಿಲ್ಲ.

ಪವನ್ ಕುಮಾರರ 'ಯು-ಟರ್ನ್' 2016ರದು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನ ಮೇಲೆ ಸವಾರರು ನಡುವಿನ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗುತ್ತಾರೆ, ಹಾಗೆ ತಿರುಗಿದವರು ಸಾಯುತ್ತಾರೆ. ಮುಂದೆ ಕಥೆ ಅತೀಂದ್ರಿಯಕ್ಕೆ ಹೊರಳುತ್ತದೆ. ನಾನು ಒಪ್ಪಿಕೊಂಡೆ, ಏಕೆಂದರೆ ಆ ಕಲ್ಲು ನಿಜ, ಅದನ್ನು ಸರಿಸುವ ಅವಸರ ನಿಜ. ಬುಡ ಗಟ್ಟಿಯಿದ್ದರೆ ತುದಿ ಎಷ್ಟು ತೂಗಿದರೂ ಗಿಡ ಬೀಳುವುದಿಲ್ಲ. ಹೇಮಂತ್ ರಾವ್ ಅವರ 'ಕವಲುದಾರಿ'ಯಲ್ಲಿ (2019) ಸಂಚಾರ ಪೊಲೀಸನೊಬ್ಬ ಹಳೆಯ ಕೊಲೆಯ ಬೆನ್ನು ಹತ್ತುತ್ತಾನೆ. ಅವನಿಗೇನು ಅಧಿಕಾರ? ಇಲ್ಲವೇ ಇಲ್ಲ. ಆ ಇಲ್ಲದಿರುವುದೇ ಅವನ ಸಂಕಟ, ಅದೇ ಕಥೆ.

ನಮ್ಮ ಗೆಳೆಯರ ನಡುವೆ ಇನ್ನೂ ಮುಗಿಯದ ಜಗಳ ಮೊಬೈಲಿನದು. 'ಬೆಳದಿಂಗಳ ಬಾಲೆ' (1995) ಮತ್ತೆ ಟಿವಿಯಲ್ಲಿ ಬಂದಾಗ ಈಗಿನ ಹುಡುಗನೊಬ್ಬ, "ಕಾಕಾ, ಅಕಿ ನಂಬರ್ ನೋಡಿ ತಿರಗಿ ಹಚ್ಚಿದ್ರ ಮುಗೀತಿತ್ತಲ್ಲ" ಅಂದ. ಅವನಿಗೆ ತಂತಿ ಫೋನಿನ ಕಾಲ ಗೊತ್ತಿಲ್ಲ. ಅನಂತ ನಾಗ್ ಆಡುವ ಚದುರಂಗದ ಆಟಗಾರ ಕೇವಲ ದನಿ ಹಿಡಿದು ಹುಡುಗಿಯನ್ನು ಹುಡುಕುವ ಆ ಕಥೆ ಅಂದು ಪೂರ್ತಿ ನಂಬುವಂಥದ್ದು. ಇಂದಿನ ಬರಹಗಾರರ ಪಾಡು ಕಷ್ಟ. ಪ್ರತಿ ಪಾತ್ರದ ಕಿಸೆಯಲ್ಲೂ ಪೊಲೀಸರು ಕೂತಿದ್ದಾರೆ. ಅದಕ್ಕೆ ಎಲ್ಲರೂ ಹಿಡಿದಿರುವ ದಾರಿ ಒಂದೇ: "ನೆಟ್‌ವರ್ಕ್ ಇಲ್ಲ". ಹೊಲದಲ್ಲಿ ನಿಂತು ನೆಟ್‌ವರ್ಕಿಗಾಗಿ ಕೈ ಎತ್ತಿ ತಿರುಗುವ ನಮಗೆ ಅದು ಸುಳ್ಳಲ್ಲ. ಆದರೆ ಕೊಲೆಗಾರ ಬಾಗಿಲಿಗೆ ಬಂದಾಗಲೇ ಮೊದಲ ಸಲ ನೆಟ್‌ವರ್ಕ್ ಹೋದರೆ ಅದು ಬರೆದವರ ಸೋಮಾರಿತನ. ಅರ್ಧ ತಾಸು ಮುಂಚೆ, ಅಜ್ಜಿಯೊಬ್ಬಳು ಮಗನ ಜೊತೆ ಮಾತಾಡಲು ಮಾಳಿಗೆ ಹತ್ತುವುದನ್ನು ತೋರಿಸಿದ್ದರೆ ಅದೇ ನೆಪ ಕಥೆಯ ಬಲವಾಗುತ್ತಿತ್ತು.

ಕನ್ನಡದಲ್ಲಿ ಥ್ರಿಲ್ಲರ್ ಬರೆಯುವವರಿಗೆ ನನ್ನ ಕೋರಿಕೆ ಇಷ್ಟೆ: ಚಿತ್ರೀಕರಣಕ್ಕೆ ಹೊರಡುವ ಮುಂಚೆ ಕಥೆಯನ್ನು ಒಬ್ಬ ಲಾರಿ ಡ್ರೈವರಿಗೆ, ಒಬ್ಬ ನರ್ಸಿಗೆ, ಒಬ್ಬ ರೈತನಿಗೆ ಹೇಳಿ ನೋಡಿ, ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ಪೆನ್ನು ಹಿಡಿದು ಕೂಡಿ. ನೋಡುವವರಲ್ಲಿ ಯಾರಾದರೂ 'ತರ್ಕ'ವನ್ನು ಇನ್ನೂ ನೋಡಿಲ್ಲದಿದ್ದರೆ ಮೊದಲು ಅದನ್ನು ನೋಡಿ, ಕೊನೆಯನ್ನು ಮಾತ್ರ ಯಾರಿಗೂ ಹೇಳಬೇಡಿ.