ಅವ್ವನ ಅಗಿಗಳಿಗೆ ಒಂಬತ್ತು ದಿನದ ನೀರು

ಸಸಿ ಬೆಳೆಸುವವರಿಗೆ ರಜೆ ಅನ್ನೋದು ಇರಲ್ಲ. ಎಮ್ಮೆ ಕಟ್ಟಿದವರ ಹಾಗೆ ಅವರೂ ಎರಡು ರಾತ್ರಿ ಊರು ಬಿಟ್ಟು ಇರೋದು ಕಷ್ಟ. ನಮ್ಮವ್ವ ತಿಂಥಣಿಯ ಮನೆ ಹಿಂದೆ ಹಸಿರು ನೆಟ್ ಕಟ್ಟಿಸಿ, ಪ್ರತಿ ಮುಂಗಾರಿಗೆ ಮೆಣಸಿನಕಾಯಿ ಅಗಿ ಬೆಳೆಸ್ತಾಳೆ. ನಮ್ಮ ಕಡೆ ಸಸಿಗೆ ಅಗಿ ಅಂತಾರೆ. ಒಂದು ಟ್ರೇಗೆ 98 ಗುಳಿ, ಒಟ್ಟು 80 ಟ್ರೇ. ಗುರುತಿನ ರೈತರು ಮೊದಲೇ ಮುಂಗಡ ಕೊಟ್ಟಿರ್ತಾರೆ. ಬೀಜ ಹಾಕಿ ಸುಮಾರು 40 ದಿನಕ್ಕೆ ಅಗಿ ಹೊಲಕ್ಕೆ ಹೋಗಬೇಕು. ನಡುವೆ ಒಣಗಿದರೆ ಅವ್ವನ ದುಡ್ಡಿನ ಜೊತೆ ಆ ರೈತರ ಹಂಗಾಮೂ ಹೋಗುತ್ತೆ.

ಕಳೆದ ಎರಡು ವರ್ಷದಿಂದ ಅವ್ವನಿಗೆ ಎರಡೂ ಕಣ್ಣಲ್ಲಿ ಪೊರೆ. ಬಲಗಣ್ಣು ಮೊದಲು ಮಾಡಿಸೋಣ ಅಂತ ಡಾಕ್ಟರು ಹೇಳಿದ್ದರು. ಆಪರೇಷನ್ ಆದಮೇಲೆ ಕೆಲವು ದಿನ ಧೂಳಿಗೆ ಹೋಗಬಾರದು, ಬಗ್ಗಿ ಭಾರ ಎತ್ತಬಾರದು, ಕಣ್ಣಿಗೆ ನೀರು ತಾಗಿಸಬಾರದು. ಅಂದರೆ ಅವ್ವ ದಿನಾ ಮಾಡುವ ಕೆಲಸ ಯಾವುದನ್ನೂ ಮಾಡಬಾರದು. ಬೆಂಗಳೂರಿಗೆ ಬಾ ಅಂತ ನಾನು ಕರೆದಾಗಲೆಲ್ಲ ಒಂದೇ ಉತ್ತರ: “ನಾ ಅಲ್ಲಿಗೆ ಬಂದ್ರ ಅಗಿಗೆ ನೀರ ಯಾರ ಹಾಕ್ತಾರವ್ವಾ?”

ಪಕ್ಕದ ಮನೆಯವರಿಗೆ ಹೇಳಬಹುದಲ್ಲ ಅಂತ ನಿಮಗೆ ಅನಿಸಬಹುದು. ಆದರೆ ಮುಂಗಾರಿನಲ್ಲಿ ಎಲ್ಲರೂ ಬಿತ್ತನೆಗೆ ಹೊಲದಲ್ಲಿರ್ತಾರೆ. ಮೇಲಾಗಿ ಮೆಣಸಿನ ಅಗಿಗೆ ನೀರು ಕಡಿಮೆಯಾದರೆ ಬಾಡುತ್ತೆ, ಜಾಸ್ತಿಯಾದರೆ ಬುಡ ಕೊಳೆತು ಮಲಗುತ್ತೆ. ಅವ್ವ ದಿನಕ್ಕೆ ಎರಡು ಸಲ ಟ್ರೇ ಎತ್ತಿ ತೂಕ ನೋಡಿಯೇ ನೀರು ಹಾಕೋದು. ಆ ಅಂದಾಜನ್ನು ಇನ್ನೊಬ್ಬರಿಗೆ ಹೇಳಿಕೊಡೋದು ಹೇಗೆ?

ಕೃಷ್ಣಾ ಹೊಳೆ ಊರಿನ ಪಕ್ಕದಲ್ಲೇ ಇದೆ, ಮೌನೇಶ್ವರನ ಗುಡಿ ಇರೋದೇ ಹೊಳೆ ದಂಡೆಗೆ. ನೀರಿಗೆ ಬರ ಇಲ್ಲ. ಆ ನೀರನ್ನು ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ ಹಾಕುವ ಕೈ ಬೇಕಿತ್ತು.

ಆಫೀಸಿನ ಗೆಳೆಯರು ಸೆನ್ಸರ್, ವೈಫೈ ಕಂಟ್ರೋಲರ್, ಮೋಟರ್ ಅಂತ ಪಟ್ಟಿ ಕೊಟ್ಟರು. ನನ್ನ ಕೆಲಸವೂ ಸಾಫ್ಟ್‌ವೇರ್ ಆದ್ದರಿಂದ ನನಗೂ ಅದೇ ಹಿಡಿಸಿತ್ತು. ಆದರೆ ಊರಲ್ಲಿ ಕರೆಂಟ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಹೇಳೋಕಾಗಲ್ಲ. ಕೆಟ್ಟರೆ ಸರಿ ಮಾಡೋಕೆ ನಾನು ಅಲ್ಲಿರಲ್ಲ. ಹಾಗಾಗಿ ಕರೆಂಟ್ ಬೇಡದ ದಾರಿಗಳನ್ನು ಹುಡುಕಿದೆ.

ಇವು ತುಂಬಾ ಹಳೆಯವು. ಸುಡುಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿಸಿ, ಸುತ್ತ ಗಿಡ ಬೆಳೆಸುವ ಪದ್ಧತಿಯನ್ನು ಚೀನಾದ ಫಾನ್ ಶೆಂಗ್‌ಝಿ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಮಣ್ಣು ಒಣಗಿದಷ್ಟೂ ಗಡಿಗೆಯಿಂದ ನೀರು ಜಿನುಗುತ್ತೆ. ದೊಡ್ಡ ಕುಂಡಕ್ಕೆ, ಮಡಿಗೆ ಇದು ಚೆನ್ನಾಗಿದೆ, ಆದರೆ ಹೆಬ್ಬೆರಳಿನಷ್ಟು ಗುಳಿಗಳ ಟ್ರೇಗೆ ಆಗಲ್ಲ. ಇನ್ನೊಂದು ದಾರಿ ಮುಚ್ಚಿಡೋದು. ಲಂಡನ್‌ನ ಡಾಕ್ಟರ್ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಜರೀಗಿಡ ತಾನಾಗಿ ಬೆಳೆದದ್ದನ್ನು 1829ರ ಸುಮಾರಿಗೆ ನೋಡಿದ. ಆವಿಯಾದ ನೀರು ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳೀತಿತ್ತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಹಡಗಿನಲ್ಲಿ ಸಿಡ್ನಿವರೆಗೆ ಹೋದವು. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಗಿಡಗಳನ್ನು ಭಾರತಕ್ಕೆ ತಂದದ್ದೂ ಅವುಗಳಲ್ಲೇ. ಈಗಷ್ಟೇ ಬೀಜ ಹಾಕಿದ ಟ್ರೇಗೆ ಈ ಉಪಾಯ ಒಳ್ಳೇದು. ನಮ್ಮ ಬಿಸಿಲಿಗೆ ಎಲೆ ಬಂದ ಅಗಿಯನ್ನು ಮುಚ್ಚಿಟ್ಟರೆ ಬೆಂದೇ ಹೋಗುತ್ತೆ.

ಉಳಿದದ್ದು ಬಟ್ಟೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಹತ್ತಿ ಬಟ್ಟೆ ನೀರು ಎಳೆಯುತ್ತೆ. ಬಟ್ಟೆ ಮೇಲೆ ಟ್ರೇ ಇಟ್ಟರೆ ತಳದ ತೂತಿನಿಂದ ಕೊಕೊಪಿಟ್ ತನಗೆ ಬೇಕಾದಷ್ಟು ಹೀರಿಕೊಳ್ಳುತ್ತೆ. ನಮ್ಮ ಮನೆಯಲ್ಲಿ ಹತ್ತಿ ಬಟ್ಟೆಗೇನು ಬರ? ಅಟ್ಟದ ಮೇಲೆ ಹರಿದ ಕೌದಿಗಳು, ಹಳೆಯ ಕಾಟನ್ ಸೀರೆಗಳು ಗಂಟುಗಟ್ಟಲೆ ಇದ್ದವು. ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ, ಅದು ನೀರನ್ನು ಸರಿಯಾಗಿ ಎಳೆಯಲ್ಲ.

ಮೊದಲು ಅಳತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನೀರು ಹಾಕಿದ ಟ್ರೇ ತೂಗಿದೆ, ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿದೆ. ಒಂದು ಗ್ರಾಂ ಇಳಿದರೆ ಒಂದು ಮಿಲಿಲೀಟರ್ ನೀರು ಹೋಯ್ತು ಅಂತ ಲೆಕ್ಕ. ದಿನಕ್ಕೆ ಸುಮಾರು 450 ಗ್ರಾಂ ಇಳೀತಿತ್ತು. 40 ಟ್ರೇಗೆ ದಿನಕ್ಕೆ 18 ಲೀಟರ್, ಒಂಬತ್ತು ದಿನಕ್ಕೆ 162. ಅಂದರೆ 40 ಟ್ರೇಗೆ 200 ಲೀಟರಿನ ಒಂದು ಡ್ರಮ್ ಸಾಕು. ಎರಡು ಡ್ರಮ್ ಮನೆಯಲ್ಲೇ ಇದ್ದವು.

ನೆಟ್ ಒಳಗೆ ನೆಲದಲ್ಲೇ ಎರಡು ಸಣ್ಣ ಕಾಲುವೆ ತೋಡಿ ಕರೀ ಪ್ಲಾಸ್ಟಿಕ್ ಹಾಸಿದೆವು. ಗೌಂಡಿಗಳು ಮಟ್ಟ ನೋಡ್ತಾರಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದರಿಂದ ಕಾಲುವೆ ಪೂರ್ತಿ ಒಂದೇ ಮಟ್ಟಕ್ಕೆ ತಂದೆವು. ಎರಡೂ ದಡಕ್ಕೆ ಪ್ಲಾಸ್ಟಿಕ್, ಅದರ ಮೇಲೆ ಮೊದಲೇ ಪೂರ್ತಿ ನೆನೆಸಿದ ಕೌದಿ ಮತ್ತು ಸೀರೆ, ಬಟ್ಟೆಯ ನಡುಭಾಗ ಕಾಲುವೆ ನೀರಿನಲ್ಲಿ. ಒಂದೊಂದು ದಡದ ಮೇಲೆ ಒಂದೊಂದು ಸಾಲು ಟ್ರೇ, ತಳ ಬಟ್ಟೆಗೆ ಅಂಟುವ ಹಾಗೆ ಒತ್ತಿ ಇಡಬೇಕು. ಬಟ್ಟೆ ಮತ್ತು ಟ್ರೇ ನಡುವೆ ಗಾಳಿ ಇದ್ದರೆ ನೀರು ಮೇಲೇರಲ್ಲ.

ಡ್ರಮ್ಮನ್ನು ಕಲ್ಲಿನ ಮೇಲಿಟ್ಟು ಪೈಪ್ ಎಳೆದು, ಕಾಲುವೆ ತುದಿಗೆ ಏರ್ ಕೂಲರ್‌ನ ಫ್ಲೋಟ್ ವಾಲ್ವ್ ಜೋಡಿಸಿದೆ. ನೀರು ಇಳಿದರೆ ವಾಲ್ವ್ ತೆಗೆದುಕೊಳ್ಳುತ್ತೆ, ಏರಿದರೆ ಮುಚ್ಚಿಕೊಳ್ಳುತ್ತೆ. ಮುಖ್ಯ ವಿಷಯ ನೀರಿನ ಮಟ್ಟ. ಟ್ರೇ ತಳದಿಂದ ನಾಲ್ಕು ಇಂಚು ಕೆಳಗಿಟ್ಟರೆ ಬಟ್ಟೆ ಹಸಿಯಾಗಿರುತ್ತೆ, ಆದರೆ ತೊಟ್ಟಿಕ್ಕಲ್ಲ, ಬೇರಿಗೆ ಗಾಳಿಯೂ ಸಿಗುತ್ತೆ. ಮಟ್ಟ ಏರಿಸಿದಷ್ಟೂ ಬುಡ ಕೊಳೆಯುವ ಭಯ. ವಾಲ್ವ್, ಪೈಪ್, ಪ್ಲಾಸ್ಟಿಕ್ ಸೇರಿ ನನಗೆ ಬಿದ್ದ ಖರ್ಚು 800 ರೂಪಾಯಿ ಒಳಗೆ.

ಅವ್ವ ಸುಮ್ಮನೆ ಒಪ್ಪುವವಳಲ್ಲ. “ಹತ್ತ ಟ್ರೇ ಇಟ್ಟು ನೋಡೂಣು, ಆಮ್ಯಾಲ ಮಾತಾಡೂಣು” ಅಂದಳು. ಮೂರು ದಿನ ಪರೀಕ್ಷೆ ನಡೀತು. ನಾನು ತಕ್ಕಡಿಯಲ್ಲಿ ತೂಗಿದೆ, ಅವ್ವ ಕೈಯಲ್ಲಿ ಎತ್ತಿ ನೋಡಿದಳು. ನಾಲ್ಕನೇ ದಿನ ಬೆಳಿಗ್ಗೆ ಟ್ರೇ ಕೆಳಗಿಟ್ಟು, “ಹೌದಲ್ಲ, ತೂಕ ಸರಿ ಅದ” ಅಂದಳು. ಅಗಿಗೆ ಆಗ 20 ದಿನ, ಎಲೆ ಬಂದು ಕಾಂಡ ಗಟ್ಟಿಯಾಗಿತ್ತು. ಇನ್ನೂ ಎಳೆಯದಾಗಿದ್ದರೆ ನಾನೇ ಬೇಡ ಅಂತಿದ್ದೆ.

ಯಾದಗಿರಿಯಿಂದ ರಾತ್ರಿ ರೈಲು ಹತ್ತಿದೆವು. ಆಪರೇಷನ್ ಚೆನ್ನಾಗಿ ಆಯ್ತು. ಪಕ್ಕದ ಮನೆಯ ಕಾಕು ದಿನಾ ಸಂಜೆ ಬಂದು ಕಾಲುವೆಯಲ್ಲಿ ನೀರಿದೆಯಾ ಅಂತ ಇಣುಕಿ ಒಂದು ಫೋಟೋ ಕಳಿಸ್ತಿದ್ದಳು. ಅವಳ ಕೆಲಸ ಅಷ್ಟೇ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅವ್ವ ನನ್ನ ಫೋನ್ ಹಿಡಿದು, ಫೋಟೋ ದೊಡ್ಡದು ಮಾಡಿ ನೋಡೋಳು. ಐದನೇ ದಿನದ ಫೋಟೋ ನೋಡಿ, “ಎಲಿ ಇಷ್ಟ್ ಹಸರ ಇದ್ದವೇನ? ನನಗ ಮಬ್ಬ ಕಾಣ್ತಿತ್ತು” ಅಂದಳು. ನಾನು ಏನೂ ಹೇಳಲಿಲ್ಲ.

ಒಂಬತ್ತು ದಿನದ ಲೆಕ್ಕ: ವಾಲ್ವ್ ಹತ್ತಿರದ ಎರಡು ಟ್ರೇಯಲ್ಲಿ ಕೆಲವು ಅಗಿ ಕೊಳೆತಿದ್ದವು, ಕೊನೆಯ ಮೂರು ಟ್ರೇ ಸ್ವಲ್ಪ ಬಾಡಿ, ನೀರು ಹಾಕಿದ ಮೇಲೆ ಎದ್ದವು. ಉಳಿದವು ಸರಿ ಇದ್ದವು. ಅವ್ವ ಇನ್ನೂ ಬಗ್ಗುವ ಹಾಗಿರಲಿಲ್ಲ. ನಾನೂ ಜೊತೆಗೆ ಬಂದು ವಾರಪೂರ್ತಿ ಅಲ್ಲಿಂದಲೇ ಕೆಲಸ ಮಾಡಿದೆ. ಬಂದ ದಿನವೇ ಟ್ರೇಗಳನ್ನು ಬಟ್ಟೆಯಿಂದ ಎತ್ತಿಟ್ಟೆ. ಹೆಚ್ಚು ದಿನ ಬಿಟ್ಟರೆ ಬೇರು ಬಟ್ಟೆಗೆ ಇಳಿದು, ಕೀಳುವಾಗ ಹರಿಯುತ್ತೆ. ಪಾಚಿ ಹಿಡಿದ ಬಟ್ಟೆಗಳನ್ನು ಒಗೆದು ಬಿಸಿಲಿಗೆ ಹಾಕಿದೆ. ರೈತರು ಹೇಳಿದ ದಿನಕ್ಕೇ ಅಗಿ ಒಯ್ದರು.

ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರಿಗೂ ಇದೇ ಲೆಕ್ಕ ನಡೆಯುತ್ತೆ. ಹಬ್ಬಕ್ಕೆ ಊರಿಗೆ ಹೊರಡುವ ಎರಡು ದಿನ ಮೊದಲು ಕುಂಡ ತೂಗಿ, ದಿನಕ್ಕೆ ಎಷ್ಟು ನೀರು ಬೇಕು ನೋಡಿ. ಬಕೆಟ್‌ನಲ್ಲಿ ಅಷ್ಟು ದಿನದ ನೀರು ತುಂಬಿಸಿ, ನೆನೆಸಿದ ಹತ್ತಿ ಬಟ್ಟೆಯ ಪಟ್ಟಿಯ ಒಂದು ತುದಿ ಬಕೆಟ್ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿಗೆ ಇಳಿಸಿ. ಕುಂಡಗಳನ್ನು ನೆರಳಿಗೆ ಸರಿಸಿ ಒತ್ತೊತ್ತಾಗಿಡಿ, ಅರ್ಧ ಕೆಲಸ ಅದರಲ್ಲೇ ಆಗುತ್ತೆ. ಹೊರಡೋ ದಿನವೇ ಶುರು ಮಾಡಬೇಡಿ, ನೀವು ಮನೆಯಲ್ಲಿ ಇರುವಾಗಲೇ ಎರಡು ದಿನ ನಡೆಸಿ ನೋಡಿ.

ಕೌದಿಗಳನ್ನು ಅವ್ವ ಮಡಿಚಿ ಮತ್ತೆ ಅಟ್ಟಕ್ಕೆ ಹಾಕಿಲ್ಲ, ನೆಟ್ ಒಳಗೇ ಗಂಟು ಕಟ್ಟಿ ನೇತುಹಾಕಿದ್ದಾಳೆ. ಮೊನ್ನೆ ಫೋನ್ ಮಾಡಿ, ಎಡಗಣ್ಣಿಗೆ ಡಾಕ್ಟರು ಯಾವ ತಾರೀಖು ಕೊಡ್ತಾರೆ ಅಂತ ತಾನೇ ಕೇಳಿದಳು.