ಸುರಪುರದ ಹೆಸರಿಲ್ಲದ ಪದಕ

ಹಳೆಯ ಯುದ್ಧಪದಕ ಸಂಗ್ರಹಿಸುವವರು ಪದಕ ಕೈಗೆ ಬಂದರೆ ರಾಣಿಯ ಮುಖಕ್ಕಿಂತ ಮೊದಲು ಅದರ ಅಂಚು ನೋಡುತ್ತಾರೆ. ಅದನ್ನು ಪಡೆದ ಸೈನಿಕನ ಹೆಸರು, ಪಡೆಯ ಹೆಸರು ಅಲ್ಲಿ ಒತ್ತಿರುತ್ತದೆ. ಆಮೇಲೆ ನೋಡುವುದು ರಿಬ್ಬನ್ನಿನ ಮೇಲೆ ಕೂತ ಬೆಳ್ಳಿಯ ಕಿರುಪಟ್ಟಿಯನ್ನು. ಅದಕ್ಕೆ ಕ್ಲಾಸ್ಪ್ ಎನ್ನುತ್ತಾರೆ. ಆತ ಎಲ್ಲಿ ಕಾದಿದ ಎಂದು ಹೇಳುವುದು ಅದೇ.

1857ರ ಹೋರಾಟವನ್ನು ಅಡಗಿಸಿದವರಿಗೆಂದು ಬ್ರಿಟಿಷರು 1858ರಲ್ಲಿ ಒಂದು ಬೆಳ್ಳಿ ಪದಕ ಘೋಷಿಸಿದರು. ಬಿಳಿ ರಿಬ್ಬನ್, ಅದರಲ್ಲಿ ಎರಡು ಕೆಂಪು ಗೆರೆ. ಒಂದು ಬದಿಗೆ ವಿಕ್ಟೋರಿಯಾ, ಇನ್ನೊಂದು ಬದಿಗೆ ಹಾರ ನೀಡುತ್ತಿರುವ ಬ್ರಿಟಾನಿಯಾ, ಪಕ್ಕದಲ್ಲೊಂದು ಸಿಂಹ. ಕ್ಲಾಸ್ಪ್‌ಗಳು ಐದು: ದೆಹಲಿಗೆ ಒಂದು, ಲಖನೌಗೆ ಮೂರು, ಮಧ್ಯ ಭಾರತಕ್ಕೆ ಒಂದು. ಸುರಪುರಕ್ಕೆ ಇಲ್ಲ.

ನಾನು ಮುದನಾಳದವನು. ನಮ್ಮ ಕಡೆಯಿಂದ ಶಹಾಪುರ ದಾಟಿದರೆ ಸುರಪುರ. ಅಲ್ಲಿನ 1858ರ ನೆನಪುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ಬೇಡರ ಪಡೆ ಬ್ರಿಟಿಷರ ಶಿಬಿರದ ಮೇಲೆ ರಾತ್ರಿ ಬಿತ್ತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಸಿಕ್ಕರು. ಬಾಲ್ಯದಲ್ಲಿ ಮೆಡೋಸ್ ಟೇಲರ್‌ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಅವರು, ಸೆರೆಯಾಳಾಗಿ ಚೆಂಗಲ್ಪಟ್ಟಿಗೆ ಹೋಗುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡರು. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ನಿಷ್ಠೆಗೆ ಸಿಕ್ಕ ದೊಡ್ಡ ಪದಕ ಅದೇ ಇರಬೇಕು.

1868ರಲ್ಲಿ ಪದಕದ ನಿಯಮ ಸಡಿಲವಾಯಿತು. ಶಸ್ತ್ರ ಹಿಡಿದವರು, ಗುಂಡಿಗೆ ಎದುರಾದವರು ಎಲ್ಲರೂ ಅರ್ಹರಾದರು. ಹಾಗಾಗಿ ಸುರಪುರದಲ್ಲಿ ಮಾತ್ರ ಕಾದಿದವನಿಗೆ ದಕ್ಕುವುದು ಕ್ಲಾಸ್ಪ್ ಇಲ್ಲದ ಬೋಳು ಪದಕ. ಸಂಗ್ರಾಹಕರು ದೆಹಲಿ, ಲಖನೌ ಎಂದು ಬರೆದದ್ದಕ್ಕೆ ಮುಗಿಬೀಳುತ್ತಾರೆ. ಫೆಲೋಶಿಪ್ ದುಡ್ಡಿನಲ್ಲಿ ಕೊಳ್ಳುವ ಮಾತಂತೂ ಇಲ್ಲ, ಆದರೆ ಹರಾಜಿನ ಚಿತ್ರಗಳಲ್ಲಿ ನಾನು ಹುಡುಕುವುದು ಆ ಬೋಳು ಪದಕಗಳನ್ನೇ. ಅಂಚಿನ ಹೆಸರು ಹಿಡಿದು ಪಡೆಯ ದಾಖಲೆಗಳಿಗೆ ಹೋದರೆ, ಕೆಲವೊಮ್ಮೆ ದಾರಿ ನಮ್ಮ ಗುಡ್ಡಗಳ ಕಡೆ ತಿರುಗೀತು.

ಎದುರು ಪಡೆಯ ಬೇಡರಿಗೆ ಪದಕವೂ ಇಲ್ಲ, ಹಾಜರಿ ಪಟ್ಟಿಯೂ ಇಲ್ಲ. ಅವರು ಉಳಿದಿರುವುದು ಮನೆಮಾತಿನಲ್ಲಿ: ‘ನಮ್ಮ ಮುತ್ಯಾನ ಮುತ್ಯಾ ಆ ರಾತ್ರಿ ಹೋಗಿದ್ದ, ತಿರುಗಿ ಬರಲಿಲ್ಲ.’ ಹೆಸರೇನು ಎಂದರೆ ಮುದುಕರು ಸುಮ್ಮನಾಗುತ್ತಾರೆ.

ನನ್ನ ಒಂದು ಅಧ್ಯಾಯದಲ್ಲಿ ಈಗ ಎರಡು ಪಟ್ಟಿಗಳಿವೆ. ಒಂದು ಬೆಳ್ಳಿಯ ಅಂಚಿನಿಂದ ಬಂದದ್ದು, ಇನ್ನೊಂದು ಬಾಯಿಂದ ಬಾಯಿಗೆ ಬಂದದ್ದು. ಮೊದಲನೆಯದಕ್ಕೆ ಯಾರೂ ಪುರಾವೆ ಕೇಳಲಿಲ್ಲ. ಎರಡನೆಯದನ್ನು ಕಂಡವರೆಲ್ಲ ಕೇಳಿದರು. ಅದರಲ್ಲಿ ಊರು, ಮನೆತನ ತುಂಬಿವೆ, ಹೆಸರಿನ ಜಾಗ ಬಹುಪಾಲು ಖಾಲಿ. ಖಾಲಿ ಸಾಲುಗಳನ್ನು ತೆಗೆದುಬಿಡು ಎಂಬ ಸಲಹೆಯೂ ಬಂತು. ತೆಗೆದಿಲ್ಲ. ಒಬ್ಬ ಮನುಷ್ಯ ಹೋಗಿದ್ದ ಎನ್ನುವುದಕ್ಕೆ ಸದ್ಯ ಆ ಸಾಲೇ ಇರುವುದು.